49ಕ್ಕೆ ನಿಲ್ಲಿಸಿದವನು

ಒಂದೂ ಪಂದ್ಯ ಸೋಲದೆ ನಿವೃತ್ತರಾದ ಬಾಕ್ಸರ್‌ಗಳ ಮಾತು ಬಂದರೆ ಈಗಿನ ಹುಡುಗರ ಬಾಯಿಗೆ ಮೊದಲು ಬರೋ ಹೆಸರು ಫ್ಲಾಯ್ಡ್ ಮೇವೆದರ್. 50 ಪಂದ್ಯ, 50 ಗೆಲುವು. 1950ರ ದಶಕದ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೋ ಗೆದ್ದಿದ್ದು 49ಕ್ಕೆ 49. ಒಂದು ಜಾಸ್ತಿ ಗೆದ್ದವನೇ ಮೇಲು ಅನ್ನೋ ಲೆಕ್ಕ ಅವರದು.

ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಮೇವೆದರ್ ಅಸಾಧಾರಣ ಬಾಕ್ಸರ್, ಅದರಲ್ಲಿ ಅನುಮಾನವೇ ಇಲ್ಲ. ಅವನಿಗೆ ನೆಟ್ಟಗೆ ಒಂದು ಏಟು ತಾಗಿಸೋದೇ ಎದುರಾಳಿಗಳಿಗೆ ಕಷ್ಟವಾಗುತ್ತಿತ್ತು. ಆದರೆ 50ನೇ ಪಂದ್ಯ ಯಾರ ಜೊತೆ? 2017ರ ಆಗಸ್ಟ್‌ನಲ್ಲಿ ಕಾನರ್ ಮೆಕ್‌ಗ್ರೆಗರ್ ಜೊತೆ. ಮೆಕ್‌ಗ್ರೆಗರ್ ಬೇರೆ ಆಟದ ಚಾಂಪಿಯನ್. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅವತ್ತೇ ಅವನ ಮೊದಲ ಪಂದ್ಯ. 2015ರಲ್ಲಿ 49 ಪಂದ್ಯ ಗೆದ್ದು ನಿವೃತ್ತಿ ಹೇಳಿದ್ದ ಮೇವೆದರ್ ಇದಕ್ಕೋಸ್ಕರ ವಾಪಸ್ ಬಂದ. ಆ ಒಂದು ಗೆಲುವನ್ನು ಹಿಡಿದುಕೊಂಡು ಮಾರ್ಸಿಯಾನೋನನ್ನು ಕೆಳಗಿಡೋದು ಅನ್ಯಾಯ.

ಮಾರ್ಸಿಯಾನೋ ಹುಟ್ಟಿದ್ದು ಅಮೆರಿಕದ ಬ್ರಾಕ್ಟನ್‌ನಲ್ಲಿ, 1923ರಲ್ಲಿ. ಬೂಟು ತಯಾರಿಸುವ ಊರು ಅದು. ಇಟಲಿಯಿಂದ ಬಂದ ಅಪ್ಪ ಬೂಟಿನ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಿದ್ದ. ಮಗನಿಗೆ ಬೇಸ್‌ಬಾಲ್ ಆಸೆ. ಅಲ್ಲಿ ಆಯ್ಕೆಯಾಗಲಿಲ್ಲ, ಬಾಕ್ಸಿಂಗ್‌ಗೆ ಬಂದ. ಹೆವಿವೇಟ್ ಅಂದರೆ ಆಜಾನುಬಾಹುಗಳ ಲೋಕ. ಇವನು ಕುಳ್ಳ, ಕೈ ಇನ್ನೂ ಗಿಡ್ಡ. ಹೊಡೆಯಬೇಕು ಅಂದರೆ ಮೊದಲು ಏಟು ತಿನ್ನುತ್ತಾ ಹತ್ತಿರ ಹೋಗಬೇಕಿತ್ತು. 49 ಪಂದ್ಯಕ್ಕೂ ಹಾಗೇ ಹೋದ. 43 ಪಂದ್ಯ ನಾಕ್‌ಔಟ್‌ನಲ್ಲೇ ಗೆದ್ದ.

ದಾಖಲೆಯಲ್ಲಿ ಸೋಲಿನ ಜಾಗದಲ್ಲಿ ಸೊನ್ನೆ ಇದೆ ನಿಜ. ಆದರೆ ಆ ಸೊನ್ನೆ ಎಷ್ಟು ಸಲ ಕೈಜಾರೋದರಲ್ಲಿತ್ತು ಗೊತ್ತಾ? 1952ರ ಸೆಪ್ಟೆಂಬರ್, ಫಿಲಡೆಲ್ಫಿಯಾ, ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್ ಎದುರು. ಮೊದಲ ಸುತ್ತಿನಲ್ಲೇ ಕೆಳಗೆ ಬಿದ್ದ. ಜೀವನದಲ್ಲಿ ಅದುವರೆಗೆ ಬಿದ್ದವನೇ ಅಲ್ಲ. 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಹಿಂದಿದ್ದ. ಉಳಿದಿದ್ದು ಮೂರೇ ಸುತ್ತು. 13ನೇ ಸುತ್ತಿನಲ್ಲಿ ಬಲಗೈಯಿಂದ ಒಂದು ಸಣ್ಣ ಗುದ್ದು, ಗೇಣು ದೂರದಿಂದ ಹೊಡೆದಂತೆ ಕಾಣುತ್ತೆ. ವಾಲ್ಕಾಟ್ ಹಗ್ಗಕ್ಕೆ ಜೋತುಬಿದ್ದು ಕುಸಿದ. ಎರಡು ವರ್ಷದ ಮೇಲೆ ಎಝರ್ಡ್ ಚಾರ್ಲ್ಸ್ ಏಟಿಗೆ ಮಾರ್ಸಿಯಾನೋನ ಮೂಗೇ ಸೀಳಿತು. ರಕ್ತ ನಿಲ್ಲಲೇ ಇಲ್ಲ. ಪಂದ್ಯ ಯಾವಾಗ ಬೇಕಾದರೂ ನಿಂತುಹೋಗಬಹುದಿತ್ತು. 8ನೇ ಸುತ್ತಿನಲ್ಲಿ ತಾನೇ ಮುಗಿಸಿದ.

ನನ್ನ ಮನಸ್ಸಿನಲ್ಲಿ ಕೂತಿರೋದು ಮಾತ್ರ ಇವೆರಡೂ ಅಲ್ಲ. 1951ರ ಅಕ್ಟೋಬರ್ 26, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗೆ ಜೋ ಲೂಯಿಸ್. ಮಾರ್ಸಿಯಾನೋ ಆರಾಧಿಸುತ್ತಿದ್ದವನು ಅದೇ ಲೂಯಿಸ್. ಸುಮಾರು 12 ವರ್ಷ ಚಾಂಪಿಯನ್ ಆಗಿ, 25 ಸಲ ಪಟ್ಟ ಉಳಿಸಿಕೊಂಡು, 1949ರಲ್ಲಿ ನಿವೃತ್ತನಾಗಿದ್ದ. ಯುದ್ಧದ ಕಾಲದಲ್ಲಿ ಪಂದ್ಯದ ದುಡ್ಡನ್ನು ಸೇನೆಯ ಪರಿಹಾರ ನಿಧಿಗೆ ಕೊಟ್ಟಿದ್ದ. ಕೊಟ್ಟ ದುಡ್ಡಿಗೂ ತೆರಿಗೆ ಕೇಳಿದರು. ಆ ಸಾಲ ತೀರಿಸೋಕೆ 37ರ ವಯಸ್ಸಿನಲ್ಲಿ ಮತ್ತೆ ಗುದ್ದಾಡುತ್ತಿದ್ದ. 8ನೇ ಸುತ್ತಿನಲ್ಲಿ ಮಾರ್ಸಿಯಾನೋ ಏಟಿಗೆ ಹಗ್ಗದ ಸಂದಿಯಿಂದ ಹೊರಗೆ ಬಿದ್ದ. ಗೆದ್ದವನು ಸೋತವನ ಕೋಣೆಗೆ ಹೋಗಿ ಅತ್ತ.

1955ರ ಸೆಪ್ಟೆಂಬರ್ 21ಕ್ಕೆ ಆರ್ಚಿ ಮೂರ್ ಜೊತೆ ಕೊನೆಯ ಪಂದ್ಯ. ಅಲ್ಲೂ ಎರಡನೇ ಸುತ್ತಿನಲ್ಲಿ ಬಿದ್ದೆದ್ದು 9ನೇ ಸುತ್ತಿನಲ್ಲಿ ಗೆದ್ದ. ಮುಂದಿನ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳಿದ. ವಯಸ್ಸು 32. ಮನೆಯವರ ಜೊತೆ ಇರಬೇಕು ಅಂದ. 1959ರಲ್ಲಿ ಮತ್ತೆ ರಿಂಗಿಗೆ ಇಳಿಯೋ ಆಸೆ ಅವನಿಗೂ ಬಂತು. ಸುಮಾರು ಒಂದು ತಿಂಗಳು ತಾಲೀಮು ಮಾಡಿ, ಬೇಡ ಅಂತ ಬಿಟ್ಟುಬಿಟ್ಟ. ಲೂಯಿಸ್ ಬಿದ್ದ ರಾತ್ರಿ ಅವನಿಗೆ ಮರೆತಿರಲಿಲ್ಲ ಅಂತಲೇ ನಾನು ನಂಬಿದ್ದೇನೆ.

ಹಾಗೆ ಬಿಡೋದು ಸುಲಭ ಅಲ್ಲ. ಲ್ಯಾರಿ ಹೋಮ್ಸ್‌ನನ್ನೇ ನೋಡಿ. ಒಂದು ಕಾಲಕ್ಕೆ ಮೊಹಮ್ಮದ್ ಅಲಿಗೆ ಅಭ್ಯಾಸದ ಜೊತೆಗಾರನಾಗಿದ್ದವನು. 1980ರಲ್ಲಿ ಅದೇ ಅಲಿಯನ್ನು ಹೊಡೆಯಬೇಕಾಯಿತು. 10 ಸುತ್ತಾದ ಮೇಲೆ ಅಲಿಯ ಕಡೆಯವರೇ ಪಂದ್ಯ ನಿಲ್ಲಿಸಿದರು. ಹೋಮ್ಸ್ ಕೂಡ ಅತ್ತ. ಆದರೆ ತಾನು ನಿಲ್ಲಿಸಲಿಲ್ಲ. 48 ಗೆದ್ದು 49ನೆಯದಕ್ಕೆ ಇಳಿದ. ತನಗಿಂತ ಕೆಳಗಿನ ತೂಕದ ಚಾಂಪಿಯನ್ ಮೈಕಲ್ ಸ್ಪಿಂಕ್ಸ್ ಎದುರು ಸೋತ. ತಾರೀಕು 1985ರ ಸೆಪ್ಟೆಂಬರ್ 21. ಮಾರ್ಸಿಯಾನೋ ಕೊನೆಯ ಪಂದ್ಯಕ್ಕೆ ಸರಿಯಾಗಿ 30 ವರ್ಷ. ಹೋಮ್ಸ್ ಕೊನೆಯ ಸಲ ಗ್ಲೌಸ್ ಕಟ್ಟಿದ್ದು 2002ರಲ್ಲಿ, 52ರ ವಯಸ್ಸಿನಲ್ಲಿ.

ಮೆಕ್ಸಿಕೊದ ರಿಕಾರ್ಡೊ ಲೋಪೆಜ್ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡೋದೇ ಇಲ್ಲ. 51 ಗೆಲುವು, ಒಂದು ಡ್ರಾ, ಸೋಲಿಲ್ಲ. ಎಲ್ಲಕ್ಕಿಂತ ಕಡಿಮೆ ತೂಕದ ವಿಭಾಗ, ಬರೀ 47 ಕಿಲೋ ಚಿಲ್ಲರೆ. ಜಾಹೀರಾತು ಇಲ್ಲ, ಜಾಸ್ತಿ ದುಡ್ಡೂ ಇಲ್ಲ. ಆದರೂ ಅವನ ಕಾಲು, ಕೈ, ಗಾರ್ಡ್ ನೋಡಿ, ಒಂದು ತಪ್ಪು ಹುಡುಕೋದು ಕಷ್ಟ. ಆಂಡ್ರೆ ವಾರ್ಡ್ ಕೂಡ ನನಗೆ ಇಷ್ಟ. 2017ರಲ್ಲಿ 32ಕ್ಕೆ 32 ಗೆದ್ದು, 33ರ ವಯಸ್ಸಿನಲ್ಲಿ, ದೇಹ ಇನ್ನು ಒಪ್ಪುತ್ತಿಲ್ಲ ಅಂತ ಹೇಳಿ ಹೊರಟ. ವೇಲ್ಸ್‌ನ ಜೋ ಕಾಲ್ಜಾಗಿ 46ಕ್ಕೆ 46 ಗೆದ್ದು ನಿಂತ.

ಇನ್ನು ಅಲಿಯ ಮಗಳು ಲೈಲಾ. ಅಪ್ಪ ಹೋಮ್ಸ್ ಕೈಯಲ್ಲಿ ಅಷ್ಟು ಏಟು ತಿಂದಾಗ ಅವಳಿಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ಮರುವರ್ಷ ಅಪ್ಪ ಇನ್ನೊಂದು ಪಂದ್ಯ ಆಡಿ ಅದನ್ನೂ ಸೋತ. ಲೈಲಾ 24 ಪಂದ್ಯ ಆಡಿ 24ನ್ನೂ ಗೆದ್ದಳು. 2007ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಕೊನೆಯದನ್ನು ಮೊದಲ ಸುತ್ತಿನಲ್ಲೇ ಮುಗಿಸಿ ಗ್ಲೌಸ್ ಬಿಚ್ಚಿಟ್ಟಾಗ ಅವಳಿಗೆ 29 ವರ್ಷ. ಆ ಹೊತ್ತಿಗೆ ಅವಳ ಅಪ್ಪ ಪಾರ್ಕಿನ್ಸನ್ ಜೊತೆ 20 ವರ್ಷಕ್ಕಿಂತ ಹೆಚ್ಚು ಕಳೆದಾಗಿತ್ತು.