ಹೊಟ್ಟೆಗೆ ಹಾಕಿಕೊಳ್ಳಿ

ಊಟವಾದ ಅರ್ಧ ಗಂಟೆಗೆಲ್ಲ ನನ್ನ ಹೊಟ್ಟೆ ಡೋಲಿನಂತೆ ಬಿಗಿಯುತ್ತಿತ್ತು. ಇಷ್ಟೇ ನನ್ನ ದೂರು. ಆದರೆ ಈ 'ಇಷ್ಟೇ' ಎಂಬ ಮಾತನ್ನು ಆರೋಗ್ಯ ಕೋಚ್ ಎದುರು ಆಡಬಾರದೆಂದು ನನಗೆ ಗೊತ್ತಿರಲಿಲ್ಲ. ವಿಡಿಯೊ ಕರೆಯಲ್ಲಿ ಅವರು ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡು, ದಡ್ಡ ಮಗುವನ್ನು ಕಂಡವರಂತೆ ನಕ್ಕರು. "ನೀವು ಬರೀ ಹೊಟ್ಟೆಯನ್ನು ನೋಡುತ್ತಿದ್ದೀರಿ. ನಾವು ಸಮಗ್ರವಾಗಿ ನೋಡುತ್ತೇವೆ" ಎಂದರು.

ಸಮಗ್ರ ಎಂದರೆ ಎಷ್ಟು ಎಂಬುದು ಸಂಜೆ ಬಂದ 14 ಪುಟಗಳ ಪ್ರಶ್ನಾವಳಿ ತೆರೆದಾಗ ತಿಳಿಯಿತು. ಹೆರಿಗೆ ಸಹಜವೋ ಶಸ್ತ್ರಕ್ರಿಯೆಯೋ, ಮಲಗುವ ಕೋಣೆಯ ಪರದೆ ಯಾವ ಬಣ್ಣದ್ದು, ಚಿಕ್ಕಂದಿನಲ್ಲಿ ನೀವು ಬಿಡಿಸಿದ ಚಿತ್ರ ಕಂಡು ಯಾರಾದರೂ ನಕ್ಕಿದ್ದರೇ, ಹುಣ್ಣಿಮೆಯ ರಾತ್ರಿ ಏನನ್ನಿಸುತ್ತದೆ. ಏಳನೆಯ ಪುಟಕ್ಕೆ ನಾಲಿಗೆಯ ಮೂರು ಫೋಟೊ ಬೇಕಿತ್ತು: ಎದುರಿನಿಂದ, ಎಡದಿಂದ, ಬಲದಿಂದ. ಠಾಣೆಯಲ್ಲಿ ಆರೋಪಿಯ ಫೋಟೊ ತೆಗೆಯುವ ಕ್ರಮ ಅದೇ ತಾನೇ.

ಒಂಬತ್ತನೆಯ ಪುಟದಲ್ಲಿ ಒಂದು ಪರಿಚಿತ ಮುಖ ಕಂಡು ಸಮಾಧಾನವಾಯಿತು. ಮಲವನ್ನು ಏಳು ಬಗೆಗಳಾಗಿ ಚಿತ್ರಸಹಿತ ವಿಂಗಡಿಸುವ ಬ್ರಿಸ್ಟಲ್ ಪಟ್ಟಿ ಅದು. 1997ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು; ಆಹಾರ ಕರುಳಿನಲ್ಲಿ ಎಷ್ಟು ವೇಗವಾಗಿ ಸಾಗುತ್ತಿದೆ ಎಂದು ಅಂದಾಜು ಮಾಡಲು ವೈದ್ಯರು ಇಂದಿಗೂ ಬಳಸುತ್ತಾರೆ. ಆದರೆ ಇಲ್ಲಿ ಪ್ರತಿ ಬಗೆಯ ಪಕ್ಕದಲ್ಲೂ ಒಂದೊಂದು ಸ್ವಭಾವದೋಷ ನಮೂದಾಗಿತ್ತು. ಮೊದಲನೆಯದು, ಅಂದರೆ ಗಟ್ಟಿ ಗೋಲಿಗಳು: 'ಹಳೆಯದನ್ನು ಬಿಟ್ಟುಕೊಡಲಾರದವರು.' ಏಳನೆಯದು, ಪೂರ್ತಿ ನೀರು: 'ಯಾರಿಗೂ ಇಲ್ಲ ಎನ್ನಲಾರದವರು.' ನಾಲ್ಕನೆಯದನ್ನು ವೈದ್ಯರು ಆರೋಗ್ಯದ ಲಕ್ಷಣವೆನ್ನುತ್ತಾರೆ. ಅದರ ಪಕ್ಕದಲ್ಲಿ ಬರೆದದ್ದು: 'ಆಳದಲ್ಲಿ ಅಡಗಿದ ಅಸಮತೋಲನ.' ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಹನ್ನೊಂದನೆಯ ಪುಟದ ಪ್ರಶ್ನೆ: ನಿಮ್ಮ ತಂದೆಯನ್ನು ಕ್ಷಮಿಸಿದ್ದೀರಾ? ಖಾಲಿ ಬಿಡುವಂತಿರಲಿಲ್ಲ, ಆ ಚೌಕ ತುಂಬದೆ ಮುಂದಿನ ಪುಟ ತೆರೆದುಕೊಳ್ಳುತ್ತಿರಲಿಲ್ಲ. ರಾತ್ರಿ ಒಂಬತ್ತೂವರೆಗೆ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ನಾನು ನಿಮ್ಮನ್ನು ಕ್ಷಮಿಸಿದ್ದೇನೆ."

"ಯಾವುದಕ್ಕೆ?"

"ಅದನ್ನು ಇಲ್ಲಿ ಬರೆದಿಲ್ಲ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸರಿ, ಊಟ ಮಾಡಿದೆಯಾ?" ಎಂದು ಕೇಳಿದರು. ಆ 14 ಪುಟಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು.

ತಪ್ಪನ್ನು ಮನ್ನಿಸುವುದಕ್ಕೆ ಕನ್ನಡದಲ್ಲಿ ಹೊಟ್ಟೆಗೆ ಹಾಕಿಕೊಳ್ಳುವುದು ಎನ್ನುತ್ತೇವೆ. ಈಗಾಗಲೇ ಉಬ್ಬಿ ನಿಂತ ಹೊಟ್ಟೆಗೆ ಮನೆಮಂದಿಯ ಎರಡು ತಲೆಮಾರಿನ ತಪ್ಪುಗಳನ್ನೂ ಹಾಕಿಕೊಳ್ಳಿ ಎಂದು ಸಲಹೆ ಕೊಡುವ ಮೊದಲು ಕೋಚ್ ಒಂದಿಷ್ಟು ಜಾಗದ ಲೆಕ್ಕ ಹಾಕಬೇಕಿತ್ತು.

ಎರಡನೆಯ ವಾರದಲ್ಲಿ ರೋಗದ ಮೂಲ ಪತ್ತೆಯಾಯಿತು. ವರ್ಷಗಟ್ಟಲೆಯಿಂದ ಕರುಳಿನ ಗೋಡೆಗೆ ಅಂಟಿಕೊಂಡು ಕೊಳೆಯುತ್ತಿರುವ ಆಹಾರವೇ ಕಾರಣವಂತೆ. ಆ ಗೋಡೆಯ ಒಳಪದರವೇ ಕೆಲವು ದಿನಗಳಿಗೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತದೆ ಎಂದು ಓದಿದ್ದೆ. ಗೋಡೆಯೇ ನಿಲ್ಲದ ಮೇಲೆ ಅದರ ಮೇಲಿನ ಕೊಳೆ ವರ್ಷಗಟ್ಟಲೆ ಎಲ್ಲಿ ಜೋತಾಡುತ್ತದೆ? ಕೇಳಿದೆ. "ತರ್ಕ ಮಾಡುವವರಲ್ಲಿ ಪಿತ್ತ ಹೆಚ್ಚು" ಎಂಬ ಉತ್ತರ ಬಂತು.

ಈ ಕೊಳೆಯ ಕಥೆ ಕೋಚ್ ಅವರ ಸ್ವಂತ ಸಂಶೋಧನೆಯಲ್ಲ ಎನ್ನುವುದನ್ನು ನ್ಯಾಯವಾಗಿ ಹೇಳಬೇಕು. ದೊಡ್ಡ ಕರುಳಿನ ಕೊಳೆತವೇ ಮುಪ್ಪಿಗೆ ಕಾರಣವೆಂದು ನಂಬಿದ್ದವರು ಸಾಮಾನ್ಯರಲ್ಲ: ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ 1908ರ ನೊಬೆಲ್ ಪಡೆದ ಮೆಚ್ನಿಕಾಫ್. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಲಬದ್ಧತೆಯೆಂದು ಬಂದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು. ಅಮೆರಿಕದ ಬ್ಯಾಟಲ್ ಕ್ರೀಕ್‌ನಲ್ಲಿ ಡಾಕ್ಟರ್ ಕೆಲ್ಲಾಗ್ ಮೊಸರನ್ನು ಎರಡೂ ಬಾಗಿಲಿನಿಂದ ಒಳಗೆ ಕಳಿಸುತ್ತಿದ್ದರು. ಆ ಸಿದ್ಧಾಂತವನ್ನು ವೈದ್ಯಶಾಸ್ತ್ರ ಕಸದ ಬುಟ್ಟಿಗೆ ಹಾಕಿ ಹೆಚ್ಚುಕಡಿಮೆ ನೂರು ವರ್ಷವಾಯಿತು. ಹಾಗೆ ನೋಡಿದರೆ ವರ್ಷಗಟ್ಟಲೆ ಗೋಡೆಗೆ ಅಂಟಿಕೊಂಡಿರುವುದು ಆಹಾರವಲ್ಲ, ಆ ಸಿದ್ಧಾಂತವೇ.

ಶುದ್ಧೀಕರಣಕ್ಕೆ ಕ್ಷಾರೀಯ ನೀರು ಬಂತು. ಜಠರದ ಆಮ್ಲ ಎಂಥದ್ದು ಎಂದು ನಾನು ಬಾಯಿ ತೆರೆಯುವ ಮೊದಲೇ ಪಿತ್ತದ ನೆನಪಾಗಿ ಸುಮ್ಮನಾದೆ. ಮೂರನೆಯ ದಿನ ಹಸಿರು ಬಣ್ಣದ ಒಂದು ಪುಡಿ ಸೇರಿತು. ಆರನೆಯ ದಿನ ನನಗೆ ತಲೆನೋವು, ಓಕರಿಕೆ, ಭೇದಿ ಮೂರೂ ಒಟ್ಟಿಗೆ ಶುರುವಾದವು. ಕೋಚ್ ಸಂಭ್ರಮದಿಂದ ಅಭಿನಂದಿಸಿದರು. "ವಿಷ ಹೊರಗೆ ಬರುತ್ತಿದೆ!" ಅಂದರೆ ಹೊಟ್ಟೆ ಸರಿಹೋದರೆ ಅವರ ವಿಧಾನ ಗೆದ್ದಿತು, ಕೆಟ್ಟರೆ ಇನ್ನೂ ಜೋರಾಗಿ ಗೆದ್ದಿತು. ಏನೂ ಆಗದಿದ್ದರೆ? ನಾನು ಮನಸ್ಸಿಟ್ಟು ಮಾಡಲಿಲ್ಲ. ಮೂರು ಕಡೆಯೂ ತಾನೇ ಗೆಲ್ಲುವ ಇಂಥ ಆಟ ಜೂಜುಕೋರರಿಗೆ ಸಿಕ್ಕಿದ್ದರೆ ಅವರು ಇಷ್ಟೊತ್ತಿಗೆ ಸಾಮ್ರಾಜ್ಯ ಕಟ್ಟುತ್ತಿದ್ದರು.

ಸಂಶಯ ತೋರಿಸಿದಾಗೆಲ್ಲ ಅವರು ಬ್ಯಾರಿ ಮಾರ್ಷಲ್ ಹೆಸರು ತೆಗೆಯುತ್ತಿದ್ದರು. "ಅವರನ್ನೂ ವೈದ್ಯಲೋಕ ನಂಬಲಿಲ್ಲ, ಕೊನೆಗೆ ನೊಬೆಲ್ ಕೊಟ್ಟಿತು." ಮಾತು ನಿಜವೇ. ಜಠರದ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಲು ಮಾರ್ಷಲ್ 1984ರಲ್ಲಿ ಆ ಸೂಕ್ಷ್ಮಾಣುಗಳನ್ನೇ ಕುಡಿದರು, ಜಠರದ ಉರಿಯೂತ ತರಿಸಿಕೊಂಡರು, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಹಂಚಿಕೊಂಡರು. ಆದರೆ ಅವರು ಉರುಳಿಸಿದ್ದು ಯಾವ ನಂಬಿಕೆಯನ್ನು? ಹುಣ್ಣು ಬರುವುದು ಮನಸ್ಸಿನ ಒತ್ತಡದಿಂದ, ಬದುಕುವ ರೀತಿಯಿಂದ ಎಂಬ ನಂಬಿಕೆಯನ್ನು. ಅಂದರೆ ಆ ಕಥೆಯಲ್ಲಿ ಸೋತವರ ಸಾಲಿನಲ್ಲಿ ನಮ್ಮ ಕೋಚ್ ನಿಂತಿದ್ದಾರೆ. ಇನ್ನೊಂದು ವ್ಯತ್ಯಾಸವೂ ಇದೆ. ಮಾರ್ಷಲ್ ತಾವೇ ಕುಡಿದರು. ಇವರು ಕುಡಿಸಿದ್ದು ನನಗೆ.

ಭೇದಿ ನಿಲ್ಲದೆ ವೈದ್ಯರ ಬಳಿ ಹೋದೆ. ಅವರು ಸಮಗ್ರರಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಕಂಡಿದೆಯೇ, ನುಂಗುವಾಗ ತಡೆಯುತ್ತದೆಯೇ, ರಾತ್ರಿ ಹೊಟ್ಟೆನೋವಿನಿಂದ ಎಚ್ಚರವಾಗುತ್ತದೆಯೇ, ನೋವಿನ ಮಾತ್ರೆ ನುಂಗುವ ಅಭ್ಯಾಸವಿದೆಯೇ? ಒಂದೊಂದಕ್ಕೂ ಇಲ್ಲ ಎಂದೆ. ಒಂದಕ್ಕೆ ಹೌದು ಎಂದಿದ್ದರೂ ಮುಂದಿನ ದಾರಿಯೇ ಬೇರೆಯಾಗುತ್ತಿತ್ತು ಎಂದರು. ಪರದೆಯ ಬಣ್ಣ ಬರೆಯುತ್ತ ಕಳೆದ ವಾರಗಳು ನೆನಪಾಗಿ ಆಗ ಮಾತ್ರ ನನಗೆ ನಗು ಬರಲಿಲ್ಲ.

"ಊಟಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ?"

"ಆರೇಳು ನಿಮಿಷ."

"ಆಗ ಮಾತಾಡುತ್ತೀರಾ?"

"ಕಚೇರಿಯ ಕರೆಗಳನ್ನೆಲ್ಲ ಆಗಲೇ ಮುಗಿಸುತ್ತೇನೆ."

ತುತ್ತಿಗೊಂದು ಗುಟುಕು ಗಾಳಿ ನುಂಗುತ್ತಿದ್ದೀರಿ ಎಂದರು. ಪುಡಿ ನಿಲ್ಲಿಸಿ, ಫೋನ್ ದೂರವಿಟ್ಟು, ಅಗಿದು ತಿನ್ನಿ. ದಿನಕ್ಕೆ ಹತ್ತಾರು ಸಲ ವಾಯು ಹೋಗುವುದು ಆರೋಗ್ಯವಂತರಿಗೂ ಇದ್ದದ್ದೇ, ಅದನ್ನು ಎಣಿಸುತ್ತ ಕೂರಬೇಡಿ.

ಭೇದಿ ಎರಡು ದಿನಕ್ಕೆ ನಿಂತಿತು. ಉಬ್ಬರವೂ ಹತ್ತು ದಿನದಲ್ಲಿ ಮುಕ್ಕಾಲು ಪಾಲು ಇಳಿಯಿತು. ಹುಮ್ಮಸ್ಸಿನಲ್ಲಿ ಕೋಚ್ ಅವರಿಗೆ ಒಂದು ಸಾಲು ಬರೆದುಬಿಟ್ಟೆ. ಮರುದಿನ ಅವರ ಪುಟದಲ್ಲಿ ನನ್ನ ಹೊಟ್ಟೆಯ ಎರಡು ಚಿತ್ರಗಳು ಅಕ್ಕಪಕ್ಕ ಪ್ರಕಟವಾಗಿದ್ದವು. ಮೇಲೆ ದಪ್ಪಕ್ಷರದಲ್ಲಿ 'ಸಮಗ್ರ ಪರಿವರ್ತನೆ'. ಎರಡೂ ಮೊದಲ ವಾರ ಅವರು ಕೇಳಿದರೆಂದು ಒಂದೇ ದಿನ ಕಳಿಸಿದವು: 'ಮೊದಲು' ಎಂದಿದ್ದದ್ದು ರಾತ್ರಿ ಊಟದ ಮೇಲೆ ತೆಗೆದದ್ದು, 'ನಂತರ' ಎಂದಿದ್ದದ್ದು ಅದೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ.

ತೆಗೆದುಹಾಕಿ ಎಂದು ಬರೆದೆ. ಕೈಮುಗಿದ ಚಿತ್ರದೊಂದಿಗೆ ಉತ್ತರ ಬಂತು: "ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ."