ಮಾಲೆ ತೆಗೆದ ಮರುವಾರ

ಕಾರ್ತೀಕ ಬಂತೆಂದರೆ ಗೋವಾದ ಝುವಾರಿ ನಗರದ ನಮ್ಮ ಓಣಿಯಲ್ಲಿ ಮನೆಗೊಬ್ಬರು ಅಯ್ಯಪ್ಪನ ಮಾಲೆ ಹಾಕಿ, ಕಪ್ಪು ಲುಂಗಿ ಉಟ್ಟು 'ಸ್ವಾಮಿ' ಆಗುತ್ತಾರೆ. ವಾಸ್ಕೋ ಕಡೆ ಇದ್ದವರಿಗೆ ಗೊತ್ತು, ಇಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಮಂದಿ ಎಷ್ಟಿದ್ದಾರೆ ಅಂತ. ಗೌಂಡಿ ಕೆಲಸ, ಸೆಂಟ್ರಿಂಗ್, ಲಾರಿ. ನಿನ್ನೆಯವರೆಗೆ ಕ್ವಾರ್ಟರ್ ಇಲ್ಲದೆ ನಿದ್ದೆ ಬಾರದವರು 41 ದಿನ ಒಂದು ಹನಿ ಮುಟ್ಟುವುದಿಲ್ಲ. ಮಾಲೆ ತೆಗೆದ ಮರುವಾರ ಮತ್ತೆ ಅದೇ ಬಾರು, ಅದೇ ಬೆಂಚು.

"ಮನಸ್ಸು ಮಾಡಿದ್ರ ಬಿಡಾಕ ಬರತೈತಿ ನೋಡ್ರಿ" ಅನ್ನುವವರು ಬಹಳ. ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಬಿಡುವುದು ಒಂದು ಕೆಲಸ, ಬಿಟ್ಟ ಮೇಲೆ ಶನಿವಾರದ ಬಟವಾಡೆ ದಿನ ಸಂಜೆ ದಾಟುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ನಮ್ಮ ಹತ್ತಿರ ಆಣೆ ಇದೆ, ಹರಕೆ ಇದೆ, ಬೈಗುಳವಂತೂ ಬೇಕಾದಷ್ಟಿದೆ. ಎರಡನೆಯದಕ್ಕೆ ಏನೂ ಇಲ್ಲ.

ನನ್ನ ಕಣ್ಣು ತೆರೆಸಿದ್ದು ನಮ್ಮ ಗೌಂಡಿ ಮಾಮಾ. ಇಪ್ಪತ್ತು ವರ್ಷದಿಂದ ದಿನಾ ಕುಡಿದವರು. ಬೆಳಿಗ್ಗೆ ಒಂದು ಗುಟುಕು ಹಾಕದಿದ್ದರೆ ಕೈ ನಡುಗಿ ಕರಣಿ ಹಿಡಿಯಲು ಆಗುತ್ತಿರಲಿಲ್ಲ. ಒಂದು ವರ್ಷ ಅವರೂ ಮಾಲೆ ಹಾಕಿದರು. ಮೂರನೇ ರಾತ್ರಿ ಗೋಡೆ ತುಂಬ ಹುಳ ಹರಿದಾಡುತ್ತಿವೆ ಅಂತ ಕೂಗಾಡಲು ಶುರು. ಮೈಯೆಲ್ಲ ಬೆವರು. ಹೆಂಡತಿಯ ಗುರುತೇ ಸಿಗಲಿಲ್ಲ. "ಮೈಲಿಗಿ ಆಗೇತಿ, ಸ್ವಾಮಿ ಸಿಟ್ಟಾಗ್ಯಾನ" ಅಂದರು ಒಬ್ಬರು. ಇನ್ನೊಬ್ಬರು ತಣ್ಣೀರು ಸುರಿದರು. ಕೊನೆಗೆ ರಿಕ್ಷಾದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಕೊನೆಯ ಸಲ ಕುಡಿದದ್ದು ಯಾವಾಗ?

ಸ್ವಾಮಿಗೂ ಅದಕ್ಕೂ ಸಂಬಂಧವಿಲ್ಲ. ವರ್ಷಗಟ್ಟಲೆ ಮದ್ಯ ಮೆದುಳನ್ನು ಮಂದ ಮಾಡುತ್ತಾ ಇದ್ದರೆ ಮೆದುಳು ಅದಕ್ಕೆ ಎದುರಾಗಿ ಜಾಸ್ತಿ ಚುರುಕಾಗಿ ಕೂತಿರುತ್ತದೆ. ಮದ್ಯವನ್ನು ಒಮ್ಮೆಲೇ ತೆಗೆದರೆ ಆ ಚುರುಕು ಲಂಗುಲಗಾಮಿಲ್ಲದೆ ಓಡುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಮಾಮಾಗೆ ಆದ ಹಾಗೆ ಭ್ರಮೆ ಹಿಡಿಯಬಹುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಮೆದುಳನ್ನು ತಣ್ಣಗೆ ಮಾಡುವ ಮಾತ್ರೆ ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತಾ ಬರುತ್ತಾರೆ, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಮುಂಜಾನೆ ಕೈ ನಡುಗುವವರು ಮಾಲೆ ಹಾಕುವ ಮೊದಲು ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಅಯ್ಯಪ್ಪ ಬೇಡ ಅನ್ನುವುದಿಲ್ಲ.

ಮಾಮಾ ಬದುಕಿದರು. ವ್ರತವನ್ನೂ ಮುಗಿಸಿದರು. ಮರುವಾರ ಕುಡಿದರು.

ಆಗ ಮನೆಯವರಿಗೆ ಎರಡು ದಾರಿ ಕಂಡವು. ಒಂದು, ಕುಡಿತ ಬಿಡಿಸುವ ಪುಡಿ. ಗೋಡೆ ಮೇಲೆ ಬರೆದಿರುತ್ತಾರಲ್ಲ, 'ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ' ಅಂತ. ಡೈಸಲ್ಫಿರಾಂ ಅಂತ ಒಂದು ನಿಜವಾದ ಔಷಧಿ ಇದೆ, 1940ರ ದಶಕದಿಂದ ಬಳಕೆಯಲ್ಲಿದೆ. ಅದನ್ನು ನುಂಗಿ ಮೇಲೆ ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ, ಎದೆ ಬಡಿತ, ಬಿಪಿ ಕುಸಿತ. ನುಂಗುವವನಿಗೆ ಗೊತ್ತಿದ್ದರೆ ಆ ಭಯವೇ ಕೆಲಸ ಮಾಡುತ್ತದೆ. ಗೊತ್ತಿಲ್ಲದೆ ಸಾರಿನಲ್ಲಿ ಹಾಕಿದರೆ ಅವನು ಎಂದಿನಂತೆ ಕುಡಿಯುತ್ತಾನೆ, ಸಾಯಲೂಬಹುದು. ಇನ್ನು ಗೋಡೆ ಮೇಲಿನ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಎರಡನೇ ದಾರಿ, ಘಟ್ಟದ ಮೇಲಿನ ಒಂದು ವ್ಯಸನಮುಕ್ತಿ ಕೇಂದ್ರ. ಹೆಸರು ಬೇಡ. ತಿಂಗಳ ದುಡ್ಡು ಮುಂಗಡ ತೆಗೆದುಕೊಂಡು ಕೋಣೆಗೆ ಬೀಗ ಹಾಕಿದರು. ಬೆಲ್ಟಿನ ಏಟೂ ಬಿತ್ತಂತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಡ್ರಗ್ಸ್ ವ್ಯಸನಕ್ಕೂ ಅನ್ವಯಿಸುತ್ತದೆ, ಹೀಗೆ ಹೊಡೆಯುವ ಹಕ್ಕು ಯಾರಿಗೂ ಇಲ್ಲ ಅಂತ ಆಗ ನಮಗೆ ಗೊತ್ತಿರಲಿಲ್ಲ. ಮನೆಗೆ ಬಂದ ದಿನವೇ ಮಾಮಾ ಕುಡಿದರು. ನಾನಾಗಿದ್ದರೂ ಕುಡಿಯುತ್ತಿದ್ದೆ.

ನನಗೆ ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಬೇರೆ ದಾರಿ ಇದೆ ಅಂತ ತೋರಿಸಿದ ಸಂಶೋಧನೆ ನಡೆದದ್ದು ಇದೇ ಗೋವಾದಲ್ಲಿ. ಸಂಗಾತ್ ಅನ್ನುವ ಸಂಸ್ಥೆಯವರು, ಡಾ. ವಿಕ್ರಂ ಪಟೇಲ್ ಮತ್ತು ಡಾ. ಅಭಿಜಿತ್ ನಾಡಕರ್ಣಿ ಅವರ ತಂಡ, ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿದ್ದು. ಜಾಸ್ತಿ ಕುಡಿಯುವ 377 ಗಂಡಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಮಾತುಕತೆ, ಹೆಚ್ಚೆಂದರೆ ನಾಲ್ಕು ಸಲ, ಪ್ರತಿ ಸಲ ಅರ್ಧ ಮುಕ್ಕಾಲು ಗಂಟೆ. ಮಾತಾಡಿದವರು ಡಾಕ್ಟರರಲ್ಲ, ತರಬೇತಿ ಪಡೆದ ಸ್ಥಳೀಯರು. ಬುದ್ಧಿವಾದ ಹೇಳಲಿಲ್ಲ. ಯಾವಾಗ ಕುಡೀತೀರಿ, ಯಾರ ಜೊತೆ, ಗೆಳೆಯ ಗ್ಲಾಸು ಮುಂದಿಟ್ಟರೆ ಏನು ಹೇಳ್ತೀರಿ, ಆಸೆ ಎದ್ದಾಗ ಎಲ್ಲಿ ಹೋಗ್ತೀರಿ, ಇಂಥದ್ದನ್ನೆಲ್ಲ ಜೊತೆಗೆ ಕೂತು ಯೋಚಿಸಿದರು. ಅಂದರೆ ನಾನು ಹೇಳಿದ ಆ ಶನಿವಾರ ಸಂಜೆಯ ತಯಾರಿ.

ಒಂದು ವರ್ಷದ ನಂತರ ನೋಡಿದರೆ ಮಾತುಕತೆ ಸಿಕ್ಕವರಲ್ಲಿ ಶೇ. 54 ಜನ ಅಪಾಯದ ಕುಡಿತದಿಂದ ಹೊರಗೆ ಬಂದಿದ್ದರು. ಇನ್ನೊಂದು ಗುಂಪಿನಲ್ಲಿ ಶೇ. 32. ಪವಾಡ ಏನಲ್ಲ, ಅರ್ಧದಷ್ಟು ಜನಕ್ಕೆ ಆಗಲೇ ಇಲ್ಲ. ಮಾಮಾನಂತೆ ಪೂರ್ತಿ ಅಂಟಿಕೊಂಡವರು ಈ ಅಧ್ಯಯನದಲ್ಲಿ ಇರಲೂ ಇಲ್ಲ, ಅವರಿಗೆ ಔಷಧಿ, ಆಸ್ಪತ್ರೆ ಬೇಕು. ಆದರೂ ನಾಲ್ಕು ಭೇಟಿಗೆ ಇಷ್ಟು ಅಂದರೆ ಕಡಿಮೆಯೇ?

2019ರಲ್ಲಿ ಏಮ್ಸ್‌ನವರ ರಾಷ್ಟ್ರೀಯ ಸಮೀಕ್ಷೆ ಬಂತು. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತಂತೆ. ನಮ್ಮ ಓಣಿಯ ಲೆಕ್ಕ ಹಾಕಿದರೆ ಅಷ್ಟೂ ಇಲ್ಲ. ಕೊಂಕಣಿ, ಮರಾಠಿ ಅರೆಬರೆ ಬರುವ ಗೌಂಡಿ ತನ್ನ ಸಂಕಟವನ್ನು ಯಾವ ಭಾಷೆಯಲ್ಲಿ ಹೇಳಬೇಕು? ಇಲ್ಲಿನ ಕನ್ನಡ ಸಂಘಗಳಿಗೆ ನನ್ನದೊಂದು ಮಾತು. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ತರಿಸುವ ದುಡ್ಡಿನಲ್ಲಿ ನಮ್ಮವರೇ ನಾಲ್ಕು ಹುಡುಗ ಹುಡುಗಿಯರಿಗೆ ಈ ತರಬೇತಿ ಕೊಡಿಸಬಹುದು. ಬೈದುಕೊಳ್ಳಿ, ಪರವಾಗಿಲ್ಲ.

ಬಾಟ್ಲಿ ಮುಟ್ಟದ ಹುಡುಗರ ಕಥೆ ಬೇರೆ. ನಮ್ಮ ಅಕ್ಕನ ಮಗ ಮೊಬೈಲ್ ರಮ್ಮಿಯಲ್ಲಿ ಬೈಕು ಕಳೆದ. 2025ರ ಕಾನೂನು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಒಳ್ಳೆಯದೇ. ಆದರೆ ರಾತ್ರಿ ಎರಡಕ್ಕೆ ಅವನ ಬೆರಳು ಇನ್ನೂ ಫೋನಿಗೆ ಹೋಗುತ್ತದೆ. ಅವನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಕೊಟ್ಟಿದ್ದೇನೆ, ಕನ್ನಡದಲ್ಲೂ ಮಾತಾಡುತ್ತಾರೆ. ವ್ಯಸನಕ್ಕೇ ಅಂತ 14446 ಕೂಡ ಇದೆ.

ಮಾಮಾ ಈಗ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಬಟವಾಡೆ ನೇರವಾಗಿ ಅತ್ತೆಯ ಫೋನಿಗೆ ಹೋಗುತ್ತದೆ. ಶನಿವಾರ ಬಾರಿನ ದಾರಿ ಬಿಟ್ಟು ಸುತ್ತು ಹಾಕಿ ಮನೆಗೆ ಬರುತ್ತಾರೆ. ನಡುವೆ ಎರಡು ಸಲ ಜಾರಿದ್ದೂ ಉಂಟು.

ಮೊನ್ನೆ ಅವರ ಮುಂದೆ ಕೂತು ಕುಡಿತ ಎಷ್ಟು ಅಪಾಯದ್ದು ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ ಹತ್ತು ಪ್ರಶ್ನೆ ಓದಿ ಹೇಳುತ್ತಿದ್ದೆ. ಅಂಕ ಎಂಟು ಮುಟ್ಟಿದರೆ ಎಚ್ಚರ, ಇಪ್ಪತ್ತು ಮುಟ್ಟಿದರೆ ಡಾಕ್ಟರು ಬೇಕೇ ಬೇಕು. ಮಾಮಾ ಎಲ್ಲ ಕೇಳಿ, "ನಿಂದೆಷ್ಟು ಬಂತೋ ತಮ್ಮಾ?" ಅಂದರು.

ಹೇಳಲೋ ಬೇಡವೋ ಅಂತ ನೋಡಿದೆ. "ಹನ್ನೊಂದು, ಮಾಮಾ."

"ಮಾಲಿ ಹಾಕತೀಯೇನು?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು.