ಮೈತ್ರಿ ಇಲ್ಲದೆಯೂ ಬಹುಮತ

ಯುರೋಪಿನ ಬಲಪಂಥೀಯರು ಯಾವತ್ತೂ ಒಂದಾಗುವುದಿಲ್ಲ, ಅವರ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಕೆಲವು ಗೆಳೆಯರು ಕೇಳುತ್ತಾರೆ. ಒಂದಾಗುವುದಿಲ್ಲ ಅನ್ನುವುದು ನಿಜ. ಆದರೆ ಆ ಸಮಾಧಾನದಲ್ಲಿ ಕೂರುವ ಕಾಲ ಮುಗಿದಿದೆ ಅನ್ನುವುದು ನನ್ನ ಆತಂಕ.

ಐರೋಪ್ಯ ಒಕ್ಕೂಟದ ಸಂಸತ್ತಿನಲ್ಲಿ ಸದಸ್ಯರು ದೇಶವಾರು ಕೂರುವುದಿಲ್ಲ, ಗುಂಪುವಾರು ಕೂರುತ್ತಾರೆ. ಗುಂಪು ಕಟ್ಟಲು ಕನಿಷ್ಠ 7 ದೇಶಗಳ 23 ಸದಸ್ಯರು ಬೇಕು. ಗುಂಪಿದ್ದರೆ ದುಡ್ಡು, ಸಿಬ್ಬಂದಿ, ಮಾತಾಡಲು ಸಮಯ, ಸಮಿತಿಗಳಲ್ಲಿ ಹಿಡಿತ ಎಲ್ಲವೂ ಸಿಗುತ್ತದೆ. ಹಾಗಾಗಿ ನಮ್ಮ ದೇಶವೇ ಮೊದಲು ಅನ್ನುವವರೂ ಪರದೇಶದವರ ಕೈ ಹಿಡಿಯಲೇಬೇಕು.

2007ರ ಜನವರಿಯಲ್ಲಿ ಫ್ರಾನ್ಸ್‌ನ ಬ್ರೂನೊ ಗೋಲ್ನಿಶ್ ಮುಂದಾಳತ್ವದಲ್ಲಿ ಬಲಪಂಥೀಯರ ಇಂಥದ್ದೊಂದು ಗುಂಪು ಹುಟ್ಟಿತು. ಆಗಷ್ಟೇ ಒಕ್ಕೂಟ ಸೇರಿದ್ದ ರೊಮೇನಿಯಾದ ಸದಸ್ಯರು ಬಂದಿದ್ದರಿಂದಲೇ ತಲೆ ಲೆಕ್ಕ ಸರಿಹೋಗಿತ್ತು. ಅದೇ ವರ್ಷ ರೋಮ್‌ನಲ್ಲಿ ಒಬ್ಬ ಮಹಿಳೆಯ ಕೊಲೆಯಾಗಿ, ರೊಮೇನಿಯಾದಿಂದ ಬಂದವನೊಬ್ಬ ಸಿಕ್ಕಿಬಿದ್ದ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಮೊಮ್ಮಗಳು ಅಲೆಸ್ಸಾಂಡ್ರಾ ಮುಸೊಲಿನಿ ಅದೇ ಗುಂಪಿನಲ್ಲಿದ್ದರು. ಕಾನೂನು ಮುರಿಯುವುದೇ ರೊಮೇನಿಯನ್ನರ ಬದುಕಾಗಿದೆ ಎಂಬರ್ಥದ ಮಾತಾಡಿಬಿಟ್ಟರು. ತಮ್ಮವರಿಂದಲೇ ಅವಮಾನವಾದ ಮೇಲೆ ರೊಮೇನಿಯನ್ನರು ಎದ್ದು ಹೊರಟರು. ನವೆಂಬರ್ ಹೊತ್ತಿಗೆ ಗುಂಪೇ ಉಳಿಯಲಿಲ್ಲ.

ಈಗಲೂ ಬಲಪಂಥೀಯರು ಮೂರು ಹೋಳು. 2009ರಲ್ಲಿ ಬ್ರಿಟನ್ನಿನ ಡೇವಿಡ್ ಕ್ಯಾಮರೂನ್ ಪಕ್ಷ, ಪೋಲೆಂಡ್ ಮತ್ತು ಜೆಕ್ ಪಕ್ಷಗಳ ಜೊತೆ ಕಟ್ಟಿದ ಇಸಿಆರ್ ಎಂಬ ಗುಂಪಿನಲ್ಲಿ ಇವತ್ತು ಇಟಲಿಯ ಮೆಲೋನಿಯವರ ಪಕ್ಷವಿದೆ. ಹಂಗೇರಿಯ ಒರ್ಬಾನ್ ಮತ್ತು ಫ್ರಾನ್ಸ್‌ನ ಲೆ ಪೆನ್ ಪಕ್ಷಗಳು 'ಪೇಟ್ರಿಯಟ್ಸ್' ಗುಂಪಿನಲ್ಲಿ. ಲೆ ಪೆನ್ ಅವರಿಗೂ ಬೇಡವಾದ ಜರ್ಮನಿಯ ಎಎಫ್‌ಡಿ ಪಕ್ಷ ಮೂರನೇ ಗುಂಪಿನಲ್ಲಿ. ಪುಟಿನ್ ಅಂದರೆ ಆಗದ ಪೋಲೆಂಡ್‌ನವರಿಗೂ ಪುಟಿನ್‌ಗೆ ಹತ್ತಿರವಾದ ಒರ್ಬಾನ್‌ಗೂ ಒಂದೇ ಕೋಣೆಯಲ್ಲಿ ಕೂರುವುದು ಕಷ್ಟ.

ಆದರೂ ನನ್ನ ಆತಂಕ ಕಮ್ಮಿಯಾಗಿಲ್ಲ. ಲೆಕ್ಕ ನೋಡಿ. 2024ರಲ್ಲಿ ಹೊಸ ಸಂಸತ್ತು ಸೇರಿದಾಗ ಪೇಟ್ರಿಯಟ್ಸ್‌ಗೆ 84, ಇಸಿಆರ್‌ಗೆ 78, ಎಎಫ್‌ಡಿ ಇರುವ ಗುಂಪಿಗೆ 25 ಸ್ಥಾನ, ಒಟ್ಟು 187. ಅತಿ ದೊಡ್ಡ ಗುಂಪಾದ ಸಂಪ್ರದಾಯವಾದಿ ಇಪಿಪಿಗೆ 188. ಕೂಡಿಸಿದರೆ 375, ಸದನ 720ರದ್ದು. ಮೂವರೂ ಪರಸ್ಪರ ಮುಖ ನೋಡದಿದ್ದರೂ ಪರವಾಗಿಲ್ಲ, ಇಪಿಪಿ ಬೇಕೆಂದಾಗ ಬಲಕ್ಕೆ ಬಹುಮತ ಸಿದ್ಧವಾಗಿ ನಿಂತಿರುತ್ತದೆ.

ಅದು ಆಗಿಯೇ ಹೋಯಿತು. ದೊಡ್ಡ ಕಂಪನಿಗಳು ತಮಗೆ ಸರಕು ಪೂರೈಸುವ ಕಡೆಗಳಲ್ಲಿ ಕಾರ್ಮಿಕರ ಶೋಷಣೆ, ಪರಿಸರ ಹಾನಿ ಆಗದಂತೆ ನೋಡಿಕೊಳ್ಳಬೇಕು ಎಂಬ ಕಾನೂನು 2024ರಲ್ಲಿ ಬಂದಿತ್ತು. ಅದನ್ನು ಸಡಿಲಿಸಲು ಸಮಾಜವಾದಿ, ಉದಾರವಾದಿಗಳ ಜೊತೆ ಇಪಿಪಿ ಮಾಡಿಕೊಂಡಿದ್ದ ರಾಜಿ 2025ರ ಅಕ್ಟೋಬರ್‌ನಲ್ಲಿ ಸದನದಲ್ಲಿ ಬಿದ್ದುಹೋಯಿತು. ನವೆಂಬರ್ 13ರಂದು ಇಪಿಪಿ ಬಲಕ್ಕೆ ತಿರುಗಿ, ಇನ್ನಷ್ಟು ಸಡಿಲವಾದ ನಿಲುವನ್ನೇ ಗೆಲ್ಲಿಸಿಕೊಂಡಿತು. 1,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗೂ ಅನ್ವಯಿಸಬಹುದಾಗಿದ್ದ ಕಾನೂನನ್ನು 5,000ಕ್ಕಿಂತ ಹೆಚ್ಚು ನೌಕರರಿರುವವರಿಗಷ್ಟೇ ಸೀಮಿತಗೊಳಿಸುವುದೂ ಆ ನಿಲುವಿನಲ್ಲಿತ್ತು.

ಯುರೋಪಿನ ಪರ, ಉಕ್ರೇನ್ ಪರ, ಕಾನೂನಿನ ಆಡಳಿತದ ಪರ ಇದ್ದವರ ಜೊತೆ ಮಾತ್ರ ಕೆಲಸ ಅಂತ ಇಪಿಪಿಯ ನಾಯಕ ಮ್ಯಾನ್‌ಫ್ರೆಡ್ ವೆಬರ್ ಹೇಳುತ್ತಾ ಬಂದವರು. ಆ ದಿನದ ಮತಗಳನ್ನು ಎಣಿಸಿದರೆ ಆ ಮಾತು ನಿಲ್ಲುವುದಿಲ್ಲ. ಬಲಪಂಥದ ಮತ ಬೇಕಿದ್ದರೆ ಮತದಾರರ ಮುಂದೆ ಬಹಿರಂಗವಾಗಿ ಮೈತ್ರಿ ಅಂತ ಹೇಳಿ ಪಡೆಯಲಿ.

ನಮಗೇನು ಅನ್ನಬೇಡಿ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಹೊಲಿಯುವ ಬಟ್ಟೆ ಯುರೋಪಿನ ಅಂಗಡಿಗಳಿಗೂ ಹೋಗುತ್ತದೆ. ಅಲ್ಲಿನ ಖರೀದಿದಾರ ಕಂಪನಿಯನ್ನು ಪ್ರಶ್ನಿಸಲು ಅವರಿಗೆ ಸಿಗಬಹುದಾಗಿದ್ದ ಒಂದು ಹಿಡಿಕೆ ಆ ಮತದಾನದಲ್ಲಿ ಸಡಿಲಾಯಿತು.